ಎದುರುಮನೆ ಅಕ್ಕನ ಸ್ಕ್ಯಾನ್ ವರದಿ

ಎದುರುಮನೆ ಅಕ್ಕನ ಬೆರಳುಗಳು ಹೊಗೆಸೊಪ್ಪಿನ ಅಂಟು ಹಿಡಿದು, ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡದಷ್ಟು ಕಪ್ಪಾಗಿದ್ದವು. ಹುಣಸೂರಿನ ಸುತ್ತಮುತ್ತ ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದು ಅವಳ ಕೆಲಸ. ಜೊತೆಯ ಹೆಂಗಸರು ಕಲೆ ಬಿದ್ದ ಎಲೆಯನ್ನು ಒಳ್ಳೆಯದರಲ್ಲಿ ಸೇರಿಸಿದರೆ, ಕಟ್ಟು ಬಿಚ್ಚಿ ಅವರ ಮಡಿಲಿಗೇ ಎಸೆಯುತ್ತಿದ್ದಳು. "ಕಣ್ ಎಲ್ಲಿ ಮಡ್ಗಿದ್ದೆ?" ಬೀದಿಯಲ್ಲಿ ಆ ಬಾಯಿಗೆ ಹೆದರದವರಿರಲಿಲ್ಲ. ನನಗೂ ಅವಳನ್ನು ಕಂಡರೆ ಅಷ್ಟಕ್ಕಷ್ಟೆ.

ನಾನಾಗ ಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ವರದಿ ಟೈಪ್ ಮಾಡುತ್ತಿದ್ದೆ. ಕೆಮ್ಮು ನಿಲ್ಲದೆ ಅವಳು ಎದೆಯ ಸ್ಕ್ಯಾನಿಗೆ ಅಲ್ಲಿಗೇ ಬಂದಳು. ಅವತ್ತು ಡಾಕ್ಟರಿಗೆ ಯಾರದೋ ಮದುವೆಗೆ ಹೊರಡುವ ಆತುರ. "ಕೆಮ್ಮು ತಾನೆ? ನಾರ್ಮಲ್ ಅಂತ ಹಾಕ್ಬಿಡಮ್ಮ. ಸೈನ್ ಮಾಡಿರೋ ಹಾಳೆ ಇದೆಯಲ್ಲ" ಅಂದವರು ಚಿತ್ರ ತೆರೆದೂ ನೋಡಲಿಲ್ಲ. ನಾನು ಹಿಂದಿನ ರೋಗಿಯ ವರದಿಯಲ್ಲೇ ಹೆಸರು, ವಯಸ್ಸು ಬದಲಿಸಿ ಅವಳ ಕೈಗಿಟ್ಟೆ.

ವರ್ಷ ಕಳೆದ ಮೇಲೆ ಕೆಮ್ಮಿನಲ್ಲಿ ರಕ್ತ ಬಂತು. ಮೈಸೂರಿನ ಡಾಕ್ಟರು ಹಳೆಯ ಫಿಲಂ ಬೆಳಕಿಗೆ ಹಿಡಿದು, ಬಲ ಶ್ವಾಸಕೋಶದಲ್ಲಿ ಗಂಟು ಆಗಲೇ ಇತ್ತೆಂದು ತೋರಿಸಿದರಂತೆ. ಆಗ ಆಪರೇಷನ್ ಮಾಡಬಹುದಿತ್ತು. ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು.

ಅವಳು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಳು. ರಾಜಿಗೆಂದು ಬಂದ ಸೆಂಟರಿನ ಮ್ಯಾನೇಜರನ್ನು ಜಗಲಿ ಹತ್ತಲೂ ಬಿಡಲಿಲ್ಲ. "ನಿಮ್ ದುಡ್ಡು ನೀವೇ ಮಡೀಕಳಿ. ನಾನ್ ನೋಡ್ನಿಲ್ಲ ಅಂತ ಆ ಡಾಕ್ಟ್ರು ನಾಕ್ ಜನದ್ ಮುಂದೆ ಏಳ್ಲಿ."

ಡಾಕ್ಟರು ಹೇಳಲಿಲ್ಲ. ಅಷ್ಟು ಸಣ್ಣ ಗಂಟು ಎಷ್ಟು ನೋಡಿದರೂ ಯಾರ ಕಣ್ಣಿಗಾದರೂ ತಪ್ಪಬಹುದು, ಹೊಗೆಸೊಪ್ಪಿನಲ್ಲೇ ಬದುಕಿದವಳಿಗೆ ಕಾಯಿಲೆ ಬಂದದ್ದಕ್ಕೆ ತಾವು ಹೊಣೆಯಲ್ಲ ಎಂದು ಅವರ ಲಾಯರು ವಾದಿಸಿದರು.

ಅಂದು ಸಂಜೆ ಅವಳು ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಟೈಪ್ ಮಾಡ್ದೋಳು ನೀನೇ ತಾನೆ?"

"ಹೂಂ ಅಕ್ಕ."

"ಆವಯ್ಯ ನೋಡುದ್ನಾ?"

"ಇಲ್ಲ."

"ಗೊತ್ತಿದ್ದೂ ವರ್ಸ ಪೂರ್ತಿ ನನ್ ಕಣ್ಮುಂದೇನೇ ಓಡಾಡ್ಕಂಡಿದ್ದೆ. ಕ್ಷಮ್ಸು ಅಂತ ಮಾತ್ರ ಅನ್ಬ್ಯಾಡ. ಆಯೋಗದ್ ಮುಂದೆ ಬಂದು ನಿಜ ಏಳು."

ಕೆಲಸ ಹೋಗುವುದು ಖಚಿತವಿತ್ತು. ಎರಡು ದಿನ ಹಿಂದೆಮುಂದೆ ನೋಡಿದೆ. ಆಮೇಲೆ ಆಯೋಗದ ಮುಂದೆ ನಿಂತು, ಅವರು ನೋಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ ಎಂದು ಹೇಳಿದೆ. ಹೊರಗೆ ಬಂದಾಗ ಡಾಕ್ಟರು ಅಡ್ಡ ನಿಂತರು. "ಇವಳ ಜೊತೆ ಸೇರ್ಕೊಂಡಿದ್ದೀಯಾ?"

ಬೆಂಚಿನಲ್ಲಿ ಒರಗಿದ್ದ ಅಕ್ಕ ತಲೆಯೆತ್ತಿದಳು. "ಅವ್ಳು ನನ್ ಕಡೆಯೋಳಲ್ಲ. ನಂಗೂ ಅವ್ಳ್ನ ಕಂಡ್ರಾಗಲ್ಲ. ನಿಜ ಏಳವ್ಳೆ, ಅಷ್ಟೇಯ."

ಆದೇಶ ಅವಳ ಪರವಾಗಿಯೇ ಬಂತು. ಸುದ್ದಿ ಕೇಳಿ ನೋಡಲು ಹೋದೆ. ಹಾಸಿಗೆಯಲ್ಲಿ ಗೋಡೆ ಕಡೆಗೆ ಮಗ್ಗುಲಾದಳು. "ಬಂದ್ಯಲ್ಲ, ಆಯ್ತು. ಓಗು." ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದೇ. ತಿಂಗಳು ತುಂಬುವುದರೊಳಗೆ ತೀರಿಕೊಂಡಳು. ಮಣ್ಣಿಗೆ ಹೋದಾಗ ಅವಳ ಮಗಳು ನನ್ನ ಮುಖ ನೋಡಲಿಲ್ಲ. ನೋಡಲಿ ಎಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ.

ಈಗ ಕೆ.ಆರ್. ನಗರದ ಬೇರೆ ಸೆಂಟರಿನಲ್ಲಿದ್ದೇನೆ. ಮೊನ್ನೆ ಇಲ್ಲಿನ ಡಾಕ್ಟರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಎಲ್ಲ ಸರಿಯಿದೆ ಅಂತ ಹಾಕು" ಅಂದರು. ನಾನು ಕೈ ಕಟ್ಟಿ ಕೂತೆ.

"ಮೊದಲು ನೋಡಿ ಸರ್, ಆಮೇಲೆ ಟೈಪ್ ಮಾಡ್ತೀನಿ."

ಗುರಾಯಿಸಿದರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು.