ಡೋರಾ ಪಾರ್ಸ್ಲೋಳ ಇಸ್ತ್ರಿಪೆಟ್ಟಿಗೆ

ನಮ್ಮೂರು ಕೊರಿಂಡಿಲ್ಲಾದ ಕಲಾ ಮತ್ತು ವಿಜ್ಞಾನ ವಸ್ತುಸಂಗ್ರಹಾಲಯ ಹೇಗೆ ಬೆಳೆಯಿತು ಎಂದು ಕೇಳಿದರೆ ಮೇಯರ್ ಕೆವ್ ಡ್ರಿಸ್ಕಲ್ ಎದೆ ಉಬ್ಬಿಸಿಕೊಂಡು ತನ್ನ ಅಪ್ಪನಿಂದ ಶುರು ಮಾಡುತ್ತಾನೆ. ನಾನು ಐಡಾ ಪಾರ್ಸ್ಲೋಳಿಂದ ಶುರು ಮಾಡುತ್ತೇನೆ. ಅಲ್ಲಿನ ವಿಜ್ಞಾನ ವಿಭಾಗವನ್ನು ಮೂವತ್ತು ವರ್ಷ ನೋಡಿಕೊಂಡವನು ನಾನು. ಅಂದರೆ ಎರಡು ತಲೆಯ ಕುರಿಮರಿ ಇದ್ದ ಜಾಡಿಗೆ ಸ್ಪಿರಿಟ್ ತುಂಬಿಸುತ್ತ, ಹತ್ತಿ ತುಂಬಿಟ್ಟ, ಹುಳ ಹಿಡಿದ ಹಕ್ಕಿಗಳ ಬಾಲಕ್ಕೆ ಅಂಟು ಹಚ್ಚುತ್ತ ಕೂತಿದ್ದವನು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟ ತಪ್ಪಿಗೆ ಸಿಕ್ಕ ಶಿಕ್ಷೆ ಅದು.

ಬೆಳೆದದ್ದು ಹೀಗೆ. ಊರಿನವರಿಗೆ ಸತ್ತ ಅಜ್ಜಿಯ ಸಾಮಾನು ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಸಭಾಭವನದ ಹಿಂದಿನ ತಗಡಿನ ಶೆಡ್ಡಿಗೆ ತಂದು ಸುರಿದರು. ಶೆಡ್ಡು ತುಂಬಿದಾಗ ಮುಚ್ಚಿದ ಬೆಣ್ಣೆ ಕಾರ್ಖಾನೆ ಸಿಕ್ಕಿತು. ಅದೂ ತುಂಬಿತು. ಹೊಲಿಗೆ ಯಂತ್ರ ಒಂಬತ್ತು, ಇಸ್ತ್ರಿಪೆಟ್ಟಿಗೆ ಹದಿನಾಲ್ಕು. ಕೊಟ್ಟವರು ಭಾನುವಾರ ಚರ್ಚ್ ಮುಗಿಸಿ ಸಾಲಾಗಿ ಬಂದು ಅಜ್ಜಿಯ ಹೆಸರಿನ ಚೀಟಿ ಜಾಗದಲ್ಲಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಪಕ್ಕದ ವಸ್ತುವಿನತ್ತ ಕಣ್ಣು ಹಾಯಿಸಿದವರನ್ನು ನಾನು ಕಂಡಿಲ್ಲ.

ಆ ಚೀಟಿಗಳನ್ನೆಲ್ಲ ಟೈಪ್ ಮಾಡಿದವಳು ಐಡಾ, ಬಿಟ್ಟಿಯಾಗಿ. ಪ್ರತಿ ವಸ್ತುವಿನ ತಳಕ್ಕೆ ಬಿಳಿ ಬಣ್ಣದಲ್ಲಿ ಅಂಕಿ ಬರೆದವಳೂ ಅವಳೇ. ಚೀಟಿಯ ಮಾತು ಮಾತ್ರ ಅವಳದಲ್ಲ. ಮೊದಲ ಅಧ್ಯಕ್ಷ ಡೆಸ್ ಡ್ರಿಸ್ಕಲ್, ಅಂದರೆ ಕೆವ್‌ನ ಅಪ್ಪ, ಒಂದು ನಿಯಮ ಮಾಡಿದ್ದ. ಕೊಟ್ಟ ಮನೆಯವರು ಸಹಿ ಹಾಕಿದ ಚೀಟಿಯೇ ಗೋಡೆಗೆ ಏರಬೇಕು. ಅವನೇ ಸಹಿ ಹಾಕಿದ ಮೊದಲ ಚೀಟಿ ಹೀಗಿತ್ತು: "ನಮ್ಮ ತಾಯಿ ಹೆನ್ರಿಯೆಟ್ಟಾ ಡ್ರಿಸ್ಕಲ್ ತಮ್ಮ ಕೈಯಾರೆ ಬಳಸಿದ ಇಸ್ತ್ರಿಪೆಟ್ಟಿಗೆ."

ಆ ಮಹಾತಾಯಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಲೂ ಮುಟ್ಟಿದವಳಲ್ಲ. ಇಪ್ಪತ್ತಾರು ವರ್ಷ ಆ ಮನೆಯ ಬಟ್ಟೆ ಒಗೆದು ಇಸ್ತ್ರಿ ಹಾಕಿದವಳು ಐಡಾಳ ಅಮ್ಮ ಡೋರಾ. ದುಡಿದವರು ಯಾರೋ, ಉಂಡವರು ಯಾರೋ. ಐಡಾ ಆಗಲೇ ಡೆಸ್‌ನನ್ನು ಕೇಳಿದ್ದಳು.

"ಅಮ್ಮನ ಹೆಸರಲ್ಲೂ ಒಂದು ಸಾಲು ಸೇರಿಸ್ಲಾ?"

"ಕೊಟ್ಟವರು ಹೇಳಿದ್ದೇ ಚರಿತ್ರೆ, ಐಡಾ. ನೀನು ಟೈಪ್ ಮಾಡು, ಸಾಕು."

ಮಾಡಿದಳು. ಚೀಟಿ ಹಳದಿಯಾದಾಗಲೆಲ್ಲ ಅದೇ ಸುಳ್ಳನ್ನು ಹೊಸದಾಗಿ ಟೈಪ್ ಮಾಡಿದಳು, ನಲವತ್ತು ವರ್ಷದಲ್ಲಿ ನಾಲ್ಕು ಸಲ. ಅವಳು ಈ ಊರಿನಿಂದ ಬಯಸಿದ್ದು ಅದೊಂದು ಸಾಲು. ಅದನ್ನು ಕೊಡುವವರಿಲ್ಲದೆ ಅವಳು ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ. ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಮೇಲೆ ವಸ್ತುಸಂಗ್ರಹಾಲಯಕ್ಕೆ ಗಾಜಿನ ಹೊಸ ಕಟ್ಟಡ ಎದ್ದಿತು. ಸಿಡ್ನಿಯಿಂದ ಟ್ರೆಂಟ್ ಮಲ್ವೇನಿ ಎಂಬ ನಿರ್ದೇಶಕ ಬಂದ. ಐಡಾಗೆ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು, ಕಟ್ಟಡದ ಚಿತ್ರವಿದ್ದ ಒಂದು ಲೋಟ ಕೊಟ್ಟು ಮನೆಗೆ ಕಳಿಸಿದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಟ್ರೆಂಟ್ ಕೂಲಿಯವರನ್ನು ಹಿಡಿದು ಕಬ್ಬಿಣವನ್ನೆಲ್ಲ ಫಳಫಳ ಹೊಳೆಯುವಂತೆ ಉಜ್ಜಿಸಿದ. ತಳದ ಅಂಕಿಗಳೂ ಕೊಳೆಯ ಜೊತೆಗೆ ಹೋದವು. ಹಳೆಯ ಚೀಟಿಗಳು ಅಂದವಾಗಿಲ್ಲವೆಂದು ಕಸಕ್ಕೆ ಹೋದವು. ಎಲ್ಲ ಕಂಪ್ಯೂಟರಿನಲ್ಲಿದೆ ಎಂದ. ಅದರಲ್ಲಿ "ಇಸ್ತ್ರಿಪೆಟ್ಟಿಗೆ, ಕಬ್ಬಿಣ, ಹಳೆಯದು" ಎಂದು ಹದಿನಾಲ್ಕು ಸಲ ಇತ್ತು.

ಬಾಗಿಲು ತೆರೆದ ಭಾನುವಾರ ಹದಿನಾಲ್ಕು ಮನೆಯವರು ಹದಿನಾಲ್ಕು ಪೆಟ್ಟಿಗೆಗಳ ಮುಂದೆ ನಿಂತರು. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಇಬ್ಬರು ಒಂದೇ ಪೆಟ್ಟಿಗೆಯ ಮುಂದೆ ಕಣ್ಣೊರೆಸಿಕೊಂಡು, ಆಮೇಲೆ ಅದು ನಮ್ಮಜ್ಜಿಯದು ಎಂದು ಜಗಳಕ್ಕೆ ಬಿದ್ದರು. ನಾನೇ ಕಾರು ತೆಗೆದುಕೊಂಡು ಹೋಗಿ ಐಡಾಳನ್ನು ಕರೆತಂದೆ.

"ಯಾವ್ದು ಯಾರ್ದು ಅಂತ ನೀವು ಹೇಳ್ಬಿಟ್ರೆ..." ಎಂದು ಟ್ರೆಂಟ್ ಕೈ ಹೊಸಕಿದ.

"ಕಂಪ್ಯೂಟರನ್ನ ಕೇಳಿದ್ರಾ?"

"ಎಲ್ಲಾ ಹಳೇದು ಅನ್ನತ್ತೆ."

"ಪಾಪ, ಅದು ಸುಳ್ಳು ಹೇಳಿಲ್ಲ."

ಅವಳು ಸಾಲಿನ ಉದ್ದಕ್ಕೂ ನಡೆದು, ಅಂಚು ಮುಕ್ಕಾದ ಒಂದನ್ನು ಎತ್ತಿ ಕೆವ್‌ನ ಕೈಗೆ ಕೊಟ್ಟಳು. "ನಿಮ್ಮನೇದು. ಸರಿಯಾಗಿ ಹಿಡ್ಕೋ."

ಕೆವ್ ಬಲಗೈಯಲ್ಲಿ ಹಿಡಿದ. ಮರದ ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ಕುಳಿಯಿತ್ತು. ಅದು ಅವನ ಹೆಬ್ಬೆರಳಿಗೆ ಎಟುಕದ ಆಚೆ ಬದಿಗಿತ್ತು. ಐಡಾ ಅದನ್ನು ತನ್ನ ಎಡಗೈಗೆ ತೆಗೆದುಕೊಂಡಳು. ಹೆಬ್ಬೆರಳು ಕುಳಿಯಲ್ಲಿ ಕೂತಿತು.

"ನಿಮ್ಮಜ್ಜಿ ಎಡಚೀನಾ, ಕೆವ್?"

"ಡೋರಾ ಎಡಚಿ," ಎಂದಳು ಹಿಂದಿನಿಂದ ಮುದುಕಿ ವಿನಿಫ್ರೆಡ್ ಕಾಕ್ಸ್. "ನನ್ ಮದ್ವೆ ಗೌನಿಗೂ ಅವಳೇ ಇಸ್ತ್ರಿ ಹಾಕಿದ್ದು."

"ಅದಕ್ಕೇನೀಗ? ಪೆಟ್ಟಿಗೆ ನಮ್ದು ತಾನೆ," ಎಂದ ಕೆವ್.

"ಪೆಟ್ಟಿಗೆ ನಿಮ್ದೇ. ಸವೆಸಿದ ಕೈ ನಮ್ಮಮ್ಮಂದು. ಮೊದ್ಲು ಇದ್ರ ಚೀಟಿ ಆಗ್ಲಿ. ಉಳಿದ ಹದಿಮೂರು ಆಮೇಲೆ ಹೇಳ್ತೀನಿ."

ಕೆವ್ ಸುತ್ತ ನೋಡಿದ. ಹದಿಮೂರು ಮನೆಯವರು ಅವನನ್ನೇ ನೋಡುತ್ತಿದ್ದರು. ಡೋರಾಳಿಗಾಗಿ ಮರುಗಿದವರು ಅವರಲ್ಲಿ ಮೂರು ಜನ ಇದ್ದರೆ ಹೆಚ್ಚು. ಅವರಿಗೆ ಬೇಕಿದ್ದದ್ದು ತಮ್ಮ ತಮ್ಮ ಅಜ್ಜಿ.

"ಒಪ್ಕೊಂಡ್ಬಿಡೋ ಕೆವ್," ಎಂದ ಒಬ್ಬ. "ಮನೇಲಿ ಒಲೆ ಮೇಲಿಟ್ಟ ಮಾಂಸ ಸೀದ್ಹೋಗ್ತಿದೆ."

ಐಡಾ ಹೇಳಿದಳು, ಟ್ರೆಂಟ್ ಟೈಪ್ ಮಾಡಿದ. "ಡೋರಾ ಪಾರ್ಸ್ಲೋ, ಅಗಸಗಿತ್ತಿ. ಡ್ರಿಸ್ಕಲ್ ಮನೆಯಲ್ಲಿ ಇಪ್ಪತ್ತಾರು ವರ್ಷ ಸೋಮವಾರ ಬಟ್ಟೆ ಒಗೆದಳು, ಮಂಗಳವಾರ ಈ ಪೆಟ್ಟಿಗೆಯಿಂದ ಇಸ್ತ್ರಿ ಹಾಕಿದಳು." ಟ್ರೆಂಟ್ ಅದನ್ನು ಗೋಡೆಗೆ ಅಂಟಿಸಲು ಹೊರಟ. ಐಡಾ ತಡೆದಳು.

"ಇನ್ನೂ ಇಲ್ಲ. ಕೊಟ್ಟ ಮನೆಯವರ ಸಹಿ ಬೇಕು. ಇವ್ರಪ್ಪ ಮಾಡಿದ್ ನಿಯಮ."

ಅವಳು ಪೆನ್ನು ಮುಂದೆ ಹಿಡಿದಳು. ಕೆವ್ ಬಲಗೈಯಲ್ಲಿ ತೆಗೆದುಕೊಂಡು ಸಹಿ ಹಾಕಿದ.