ಅವ್ವನ ಅರವತ್ತಕ್ಕೆ ನಾನು ಹೇಳಿಸಿದ ಸುಳ್ಳು

ಅವ್ವ ಹುಟ್ಟಿದ ದಿನ ಯಾವುದು ಅಂತ ಅವ್ವನಿಗೇ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆ, ಅದು ಕಾರ್ಡು ಮಾಡಿಕೊಟ್ಟವರು ಬರೆದುಕೊಂಡದ್ದು. ಕೇಳಿದರೆ, "ರಾಗಿ ಕುಯ್ಲಿನ ಟೈಮಲ್ಲಿ ಹುಟ್ಟಿದ್ನಂತೆ ಕಣವ್ವ" ಅನ್ನುತ್ತಾಳೆ, ಅಲ್ಲಿಗೆ ಮುಗೀತು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೀನಿ ಅಂದರೆ, ನಾನು ಮಾಡಿದ ಕೆಲಸಕ್ಕೆ 'ದಿನ ಮುಂದಕ್ಕೆ ಹಾಕೋ ಹಾಗಿರಲಿಲ್ಲ' ಅನ್ನೋ ನೆಪ ಕೂಡ ಇಲ್ಲ. ಇಪ್ಪತ್ತೈದು ದಿನ ತಡೆದಿದ್ದರೆ ಸಾಕಿತ್ತು.

ಅವ್ವನಿಗೆ ಅರವತ್ತಾಗುತ್ತೆ, ಸಮುದ್ರ ತೋರಿಸೋಣ ಅಂತ ಹೊರಡಿಸಿದವಳು ನಾನೇ. ತಮ್ಮ ಬಿಡದಿಯ ಕಾರ್ಖಾನೆಯಲ್ಲಿದ್ದಾನೆ, ವರ್ಷದ ಕೊನೆಗೆ ರಜೆ. ನಾನು ರಾಮನಗರದಲ್ಲಿ ಸ್ಕೂಲ್ ಮೇಡಂ, ನನಗೂ ನಾಲ್ಕು ದಿನ ಹೊಂದಿಸಿಕೊಳ್ಳಬಹುದು. ಮುರುಡೇಶ್ವರದಲ್ಲಿ ರೂಮು ಬುಕ್ ಮಾಡಿದ್ವಿ. ಅವ್ವನ್ನ ಪ್ಯಾರಾಚೂಟಿಗೆ ಕಟ್ಟಿ ಬೋಟಿನಿಂದ ಮೇಲಕ್ಕೆ ಹಾರಿಸಬೇಕು ಅನ್ನೋದು ತಮ್ಮನ ಆಸೆ. ಎಲ್ಲ ಆಯಿತು, ಅವ್ವ ಒಬ್ಬಳು ಒಲ್ಲೆ ಅಂದಳು. "ಹುಳ ಬತ್ತಾವೆ ಕಣವ್ವ. ಹುಳ ಬುಟ್ಟು ಎಲ್ಲಿಗ್ ಬರ್ಲಿ?"

ಕೈಲಾಂಚದ ಕಡೆ ನಮ್ಮೂರಲ್ಲಿ ಅವ್ವ ರೇಷ್ಮೆ ಹುಳ ಸಾಕುತ್ತಾಳೆ. ಮೊಟ್ಟೆಯೊಡೆದ ಹುಳವನ್ನು ಎರಡನೇ ಜ್ವರ ಏಳೋವರೆಗೆ, ಅಂದರೆ ಎರಡು ಸಲ ಪೊರೆ ಬಿಡೋವರೆಗೆ, ಚಾಕಿ ಮನೆಯವರು ಮೇಯಿಸಿ ಕೊಡುತ್ತಾರೆ, ಆಮೇಲೆ ಗೂಡು ಬಿಡಿಸೋವರೆಗಿನ ಇಪ್ಪತ್ತೈದು ದಿನ ರೈತರದ್ದು. ನಮ್ಮ ಚಾಕಿ ಮನೆಯ ಯಜಮಾನರು ಅವ್ವನಿಗಿಂತ ಹಿರಿಯರು. ಅವ್ವ ಅಣ್ಣ ಅನ್ನುತ್ತಿದ್ದಳು, ನಾನು ಮಾವ. ಇಪ್ಪತ್ತು ವರ್ಷದಿಂದ ಅವರ ಹತ್ತಿರವೇ ಹುಳ. ಆ ಸಲವೂ ಬುಕ್ ಮಾಡಿ, ಹುಳದ ಮನೆಗೆ ಸುಣ್ಣ ಬಳಿದು, ಸೊಪ್ಪು ಹದಕ್ಕೆ ಬರೋದನ್ನು ಕಾಯುತ್ತಾ ಕೂತಿದ್ದಳು.

ಒಂದು ದಿನ ಸ್ಕೂಲು ಬಿಟ್ಟ ಮೇಲೆ ಸ್ಕೂಟರು ತಿರುಗಿಸಿ ನಾನು ಚಾಕಿ ಮನೆಗೆ ಹೋದೆ. "ಮಾವ, ಈ ಬೆಳೆ ಅವ್ವನಿಗೆ ಹುಳ ಬೇಡ. ಬಂದು ಕೇಳಿದರೆ ಕೆಟ್ಟೋದ್ವು ಅಂತ ಹೇಳ್ಬುಡಿ" ಅಂದೆ.

ಮಾವ ಸೊಪ್ಪು ಹೆಚ್ಚುತ್ತಿದ್ದ ಕೈ ನಿಲ್ಲಿಸಿದರು. "ಬೇರೆ ಏನಾದ್ರೂ ಹೇಳ್ತೀನಿ ಕಣವ್ವ. ಹುಳ ಕೆಟ್ಟೋದ್ವು ಅಂದ್ರೆ ನನ್ ಹೆಸ್ರು ಕೆಡ್ತದೆ."

"ಬೇರೆ ಹೇಳಿದ್ರೆ ಅವಳು ಇನ್ನೊಂದು ವಾರ ಕಾಯ್ತೀನಿ ಅಂತಾಳೆ ಮಾವ. ಅರವತ್ತು ವರ್ಷಕ್ಕೆ ಒಂದ್ಸಲ. ವಾಪಸ್ ಬಂದ ದಿನವೇ ನಾನೇ ನಿಜ ಹೇಳ್ತೀನಿ."

ಅವರು ಮತ್ತೆ ಸೊಪ್ಪು ಹೆಚ್ಚತೊಡಗಿ, "ಆಯ್ತು, ನಮ್ಮವ್ವನೂ ಸಮುದ್ರ ನೋಡ್ನಿಲ್ಲ" ಅಂದರು. ನಾನು ಎಷ್ಟು ಜಾಣೆ ಅಂದುಕೊಂಡು ಮನೆಗೆ ಬಂದು, ತಮ್ಮನಿಗೂ ಫೋನ್ ಮಾಡಿ ಹೇಳಿಕೊಂಡೆ. ಥೂ!

ಅವ್ವ ಹುಳ ತರಲು ಹೋದ ದಿನ ಅಲ್ಲಿ ಏಳೆಂಟು ಜನ ರೈತರಿದ್ದರಂತೆ. ಕೆಟ್ಟೋದ್ವು ಅಂತ ಮಾವ ಅಂದದ್ದೇ ತಡ, ಅವ್ವನಿಗೆ ಎಲ್ಲಿತ್ತೋ ಸಿಟ್ಟು. ಅಷ್ಟೂ ಜನರ ಮುಂದೆ, "ಗಲೀಜು ಮಾಡ್ಕಂಡು ರೋಗದ ಹುಳ ಮಾರೋಕ್ ಕೂತಿದ್ದೀಯ, ನಾಚ್ಕೆ ಆಗಕಿಲ್ವಾ?" ಅಂದಳಂತೆ. ಮಾವ ತಲೆ ಬಗ್ಗಿಸಿ ನಿಂತರಂತೆ. ಅವತ್ತು ಅಲ್ಲಿದ್ದವರಲ್ಲಿ ಕೆಲವರು ಬುಕಿಂಗ್ ಬಿಟ್ಟು ಬೇರೆ ಕಡೆ ಹೋದರು. ಅವ್ವ ಇದನ್ನೆಲ್ಲ ಫೋನಿನಲ್ಲಿ ಹೇಳಿ, ಕೊನೆಗೆ, "ಹೋಗ್ಲಿ ಬುಡು, ಬತ್ತೀನಿ ನಡೀರಿ ನಿಮ್ ಸಮುದ್ರುಕ್ಕೆ" ಅಂದಳು. ನನಗೆ ಮೊದಲು ಖುಷಿಯೇ ಆಯಿತು. ಅದನ್ನು ಮುಚ್ಚಿಟ್ಟು ಬರೆದು ಏನು ಪ್ರಯೋಜನ?

ಸಮುದ್ರದಲ್ಲಿ ಅವ್ವ ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಳು. ಸೀರೆಯನ್ನು ಕಚ್ಚೆ ಕಟ್ಟಿ, ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿಸಿಕೊಂಡು, ತಮ್ಮನ ಜೊತೆ ಬೋಟು ಹತ್ತಿದಳು. ಹಗ್ಗ ಬಿಟ್ಟಾಗ "ಅಯ್ಯಯ್ಯಪ್ಪೋ!" ಅಂತ ಕೂಗಿದ್ದು ದಡದಲ್ಲಿದ್ದ ನನಗೂ ಕೇಳಿಸಿತು. ಇಳಿದು ಬಂದವಳು ನನ್ನ ಭುಜ ಹಿಡಿದು, "ಮ್ಯಾಲಿಂದ ನೀವೆಲ್ಲ ಚಾಕಿ ಹುಳ ಇದ್ದಂಗೆ ಕಾಣ್ತಿದ್ರಿ ಕಣೇ" ಅಂತ ನಕ್ಕಳು. ಹೇಳೋದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತನಕ ಬಂತು. ಇಷ್ಟು ನಗುತ್ತಿದ್ದಾಳೆ, ಊರಿಗೆ ಹೋಗಿ ಹೇಳಿದರಾಯಿತು ಅಂತ ನುಂಗಿಕೊಂಡೆ.

ಆಮೇಲೆ ಅವ್ವ, ತಮ್ಮ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು ತುಂಬಾ ಹೊತ್ತು ಮಾತಾಡಿದರು. ನಡುವೆ ಅವ್ವ ತಿರುಗಿ ನನ್ನ ಕಡೆ ನೋಡಿದಳು. ಫೋಟೋಗೆ ಅಂದುಕೊಂಡು ನಾನು ಫೋನು ಎತ್ತಿ ಹಿಡಿದೆ. ಆ ಫೋಟೋ ಈಗಲೂ ಇದೆ, ಅದರಲ್ಲಿ ಅವಳು ನಗುತ್ತಿಲ್ಲ.

ಹೊರಡೋ ದಿನ ದೇವಸ್ಥಾನದ ಹತ್ತಿರದ ಅಂಗಡಿಯಲ್ಲಿ ಅವ್ವ, "ಚಾಕಿ ಮನೆ ಅಣ್ಣನಿಗೂ ಏನಾರಾ ತಗಳವ್ವ, ನೀನೇ ಆರಿಸು" ಅಂದಳು. ನಾನು ಒಂದು ಟವೆಲ್ ಆರಿಸಿದೆ, ಜೊತೆಗೆ ಪ್ರಸಾದ.

ಊರಿಗೆ ಬಂದ ಮಾರನೇ ದಿನವೇ, "ನಡಿ, ಕೊಟ್ಟು ಬರಾಣ" ಅಂದಳು. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಚಾಕಿ ಮನೆ ಮುಂದೆ ಅವತ್ತೂ ಜನ ಇದ್ದರು, ಮೊದಲಿನಷ್ಟಲ್ಲ. ಅವ್ವ ಟವೆಲ್ಲನ್ನು ನನ್ನ ಕೈಯಿಂದ ತಗೊಳ್ಳಲಿಲ್ಲ. ನನ್ನ ಮುಖ ನೋಡಿದಳು. ನಾನು ಚಪ್ಪಲಿಗೆ ಮೆತ್ತಿದ್ದ ಸುಣ್ಣ ನೋಡುತ್ತಾ ನಿಂತೆ. ಕೊನೆಗೆ ಅವಳೇ ಕೈ ಮುಗಿದು, ಎಲ್ಲರಿಗೂ ಕೇಳೋ ಹಾಗೆ, "ಅಣ್ಣ, ಅವತ್ತು ತೆಪ್ಪಾಗಿ ಬೈದ್ಬುಟ್ಟೆ. ಮನಸ್ಸಲ್ಲಿ ಇಟ್ಕಬ್ಯಾಡಿ" ಅಂದಳು.

ಮಾವನೂ ನನ್ನ ಕಡೆ ನೋಡಿದರು. ಒಸಿ ಹೊತ್ತು ಕಾದರು ಅಂತ ಈಗ ಅನಿಸುತ್ತೆ. ಆಮೇಲೆ, "ಬುಡವ್ವ, ತೆಪ್ಪು ನಂದೇ ಅಲ್ವಾ. ನಾನೇ ಹುಳ ಸರಿಯಾಗಿ ನೋಡ್ಕಳ್ನಿಲ್ಲ" ಅಂದರು. ಎಲ್ಲರ ಮುಂದೆ, ಎರಡನೇ ಸಲ. ನಾನು ಟವೆಲ್ಲು ಅವರ ಕೈಗಿಟ್ಟು, "ಬರ್ತೀವಿ ಮಾವ" ಅಂದೆ. ಅಷ್ಟೇ. ದಿನಾ ಮಕ್ಕಳನ್ನು ನಿಲ್ಲಿಸಿ 'ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು' ಅನ್ನೋ ಬಾಯಿ ಇದು.

ವಾಪಸ್ ಬರುವಾಗ ಕೆರೆ ಏರಿ ಹತ್ತಿದೆವು. ಅವ್ವ ಹಿಂದಿನ ಸೀಟಿಂದ ನಿಧಾನಕ್ಕೆ ಹೇಳಿದಳು.

"ನಿನ್ ತಮ್ಮ ನೀರಲ್ಲಿ ನಿಂತ್ಕಂಡು ಎಲ್ಲಾ ಹೇಳ್ದ. ಅಣ್ಣನ ಮುಂದಾದ್ರೂ ಬಾಯಿ ಬುಡ್ತೀಯ ಅಂತ ಕರ್ಕಂಡು ಬಂದೆ ಕಣವ್ವ."

ಗಾಡಿ ತಿರುಗಿಸು ಅಂತ ಅವಳು ಹೇಳಲಿಲ್ಲ. ಚಾಕಿ ಮನೆ ಇನ್ನೂ ಒಂದು ಮೈಲಿಯೂ ಹಿಂದಾಗಿರಲಿಲ್ಲ, ಜನ ಅಲ್ಲೇ ಇದ್ದರು. ನಾನು ತಿರುಗಿಸಲಿಲ್ಲ.