ಹರಿಯದ ಟಿಕೆಟ್

ಸಿನಿಮಾ ಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದರು. ಅರ್ಧಣ್ಣ ಅಂಥವರ ಟಿಕೆಟನ್ನೂ ಅಷ್ಟೇ ಮರ್ಯಾದೆಯಿಂದ ಹರಿಯುತ್ತಿದ್ದ. ಅರ್ಧ ಜೇಬಿಗೆ, ಅರ್ಧ ಬಂದವರ ಕೈಗೆ, ಮೇಲೊಂದು ‘ಒಳಗೆ ಹೋಗಿ’. ಆ ಅರ್ಧದಿಂದಲೇ ಅವನಿಗೆ ಈ ಹೆಸರು ಅಂಟಿದ್ದು. ಸ್ವಂತ ಹೆಸರು ಹೆಂಡತಿಗೂ ಮರೆತಿತ್ತೋ ಏನೋ. ಅವಳ ಪಾಲಿಗೆ ಅವನು ‘ರೀ’, ಅಷ್ಟೆ.

ಹರಿಯದೆ ಬಿಟ್ಟದ್ದು ಅವಳ ಟಿಕೆಟನ್ನು ಮಾತ್ರ. ಮದುವೆಗೆ ಮುಂಚೆ ಅವಳು ಮೊದಲ ಸಲ ಬಂದಾಗ ಮುಖ ನೋಡುತ್ತಾ ನಿಂತವನಿಗೆ ಕೈಯೇ ಓಡಲಿಲ್ಲ, ಇಡೀ ಟಿಕೆಟನ್ನೇ ವಾಪಸ್ ಕೊಟ್ಟ. ಇಲ್ಲಿ ಹೀಗೇ ಇರಬೇಕೆಂದುಕೊಂಡ ಅವಳು ಮುಂದಿನ ಆಟಕ್ಕೂ ಅದನ್ನೇ ಹಿಡಿದು ಬಂದು, ಮೊದಲ ಸಲ ಅತ್ತ ದೃಶ್ಯಕ್ಕೇ ಇನ್ನೊಮ್ಮೆ ಅತ್ತು ಹೋದಳು. ಮದುವೆಯಾದ ಮೇಲೂ ಸಾಲಿನಲ್ಲೇ ನಿಂತು ಬಂದು, ‘ಒಳಗೆ ಹೋಗ್ಲಾ?’ ಎಂದು ಹುಬ್ಬು ಹಾರಿಸುವಳು. ಅವನು ಹರಿಯದೆ ಕೊಡುವನು. ಬೇರೆ ಹೆಂಗಸರು ಒಡವೆ ಇಡುವ ಬೀರುವಿನಲ್ಲಿ ಇವಳದು ಟಿಕೆಟ್ ತುಂಬಿದ ಬಿಸ್ಕತ್ತಿನ ಡಬ್ಬಿ.

ಅಂಥವಳು ಸೊರಗತೊಡಗಿದಳು. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಎಡಪಕ್ಕೆಯ ಕೆಳಗೆ ಗಟ್ಟಿಯಾದ ಊತ. ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ಮೂಳೆ ಒಳಗಿನ ಮಜ್ಜೇಲಿ ತಾಯಿಕೋಶಗಳು ಇರ್ತವೆ. ನಮ್ಮ ರಕ್ತವೆಲ್ಲ ಹುಟ್ಟೋದು ಅವುಗಳಿಂದಲೇ. ‘ಬೆಳೀರಿ’ ಅಂತ ಸುದ್ದಿ ಬಂದ್ರೆ ಹಿಡಿಯೋಕೆ ಕೋಶದ ಮೇಲೆ ಒಂದು ಪ್ರೋಟೀನ್ ಇರತ್ತೆ. ಸುದ್ದಿ ಮುಟ್ಟಿದ ಮೇಲೆ ಇನ್ನೊಂದು ಪ್ರೋಟೀನ್ ಬಂದು ಆ ಮೊದಲನೇದಕ್ಕೆ ಗುರುತು ಅಂಟಿಸತ್ತೆ. ಗುರುತು ಬಿದ್ದದ್ದನ್ನ ಕೋಶ ಒಳಗೆಳ್ಕೊಂಡು ಚೂರು ಮಾಡ್ಬಿಡತ್ತೆ. ಇವರಿಗೆ ಆ ಗುರುತು ಹಾಕೋದೇ ಕೆಟ್ಟಿದೆ. ಬಂದ ಸುದ್ದಿ ಮುಗಿಯೋದೇ ಇಲ್ಲ. ತಾಯಿಕೋಶ ಸುಮ್ಮನೆ ಇರಬೇಕಾದಾಗ ಇರಲ್ಲ, ನೆಟ್ಟಗೆ ರಕ್ತವೂ ಆಗಲ್ಲ. ಅರೆಬೆಂದ ಕಣಗಳೇ ತುಂಬ್ಕೊಳ್ತವೆ.”

ನಮ್ಮಂಥ ಓದಿದವರು ಏನೂ ಅರ್ಥವಾಗದಾಗ ಗಂಭೀರವಾಗಿ ತಲೆಯಾಡಿಸುತ್ತೇವೆ. ಅರ್ಧಣ್ಣನಿಗೆ ಆ ಅಭ್ಯಾಸವಿರಲಿಲ್ಲ.

“ಅಂದ್ರೆ ಬಾಗಿಲಲ್ಲಿ ಟಿಕೆಟ್ ಹರಿಯೋನು ಇಲ್ಲ ಅನ್ನಿ. ಒಂದೇ ಟಿಕೆಟ್ ಹಿಡ್ಕೊಂಡು ಎಲ್ಲಾ ಆಟಕ್ಕೂ ನುಗ್ತಿದಾರೆ.”

“ಹೆಚ್ಚುಕಡಿಮೆ ಹಾಗೇ,” ಎಂದಳು ಡಾಕ್ಟರಮ್ಮ. ಬೇರೆಯವರ ಮಜ್ಜೆ ಹಾಕಿದರೆ ಇವರ ಹೃದಯ ತಡೆಯುವುದಿಲ್ಲ, ಔಷಧಿಯಿಂದ ಒಂದಷ್ಟು ಕಾಲ ತಳ್ಳಬಹುದು ಎಂದೂ ಹೇಳಿದಳು.

ಹೊರಗೆ ಮೆಟ್ಟಿಲಿಳಿಯುತ್ತಾ ಹೆಂಡತಿ ಅವನ ತೋಳಿಗೆ ತಿವಿದಳು. “ಊರವರದ್ದೆಲ್ಲಾ ಹರಿದ್ರಿ, ನಂದು ಮಾತ್ರ ಬಿಟ್ರಿ. ಅನುಭವಿಸಿ ಈಗ.”

ಅವಳು ಕೆಳಗಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅದನ್ನು ಮರೆತಳು. ಅವನು ಮರೆಯಲಿಲ್ಲ.

ಔಷಧಿ ಕೈಕೊಟ್ಟು ಅವಳು ಆಸ್ಪತ್ರೆ ಸೇರಿದ ವಾರ, ಬಟ್ಟೆ ತರಲು ಮನೆಗೆ ಹೋದವನು ಬೀರು ತೆರೆದ. ಡಬ್ಬಿ ಕಂಡಿತು. ಬುದ್ಧಿ ‘ಬೇಡ ಮಾರಾಯ’ ಅಂದಿತು, ಕೈ ಕೇಳಲಿಲ್ಲ. ನೆಲದ ಮೇಲೆ ಕೂತು ಒಂದೊಂದಾಗಿ ಎಲ್ಲವನ್ನೂ ಹರಿದ.

ಮಾರನೆಯ ದಿನ ಅವಳು ಕೇಳಿದಳು, “ರೀ, ಆ ಡಬ್ಬಿ ತಂದ್ಕೊಡಿ. ಮಲಗಿ ಮಲಗಿ ಬೇಜಾರು. ಯಾವ ಯಾವ ಸಿನಿಮಾ ನೋಡಿದೀನಿ ನೆನಪು ಮಾಡ್ಕೋತೀನಿ.”

ಅವನು ಚೀಲದ ಹಿಡಿ ತಿರುವುತ್ತಾ ಕೂತ. “ಹರಿದ್ಬಿಟ್ಟೆ ಕಣೇ.”

“ಏನ್ನ?”

“ಎಲ್ಲಾನೂ. ಹರಿದ್ರೆ ನಿಲ್ಲತ್ತೇನೋ ಅಂತ...”

ಅವಳು ನಗಲು ಹೊರಟಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಗೋಡೆಯ ಕಡೆ ತಿರುಗಿ ಮಲಗಿದಳು. ಪಕ್ಕದ ಹಾಸಿಗೆಯಾಕೆಗೆ ಗ್ಲೂಕೋಸ್ ಬಾಟಲಿ ಬದಲಿಸಿ ನರ್ಸ್ ಹೋದರೂ ತಿರುಗಲಿಲ್ಲ.

ಆಮೇಲೆ ಗೋಡೆಗೇ ಹೇಳಿದಳು, “ಚೂರಾದ್ರೂ ಇದೆಯಾ?”

ಇತ್ತು. ಜನ್ಮದ ಅಭ್ಯಾಸ ಎಲ್ಲಿ ಬಿಡುತ್ತದೆ? ಹರಿಯುವಾಗ ಅವನ ಕೈ ಒಂದು ಅರ್ಧವನ್ನು ತನ್ನ ಜೇಬಿಗೆ ಹಾಕಿ, ಇನ್ನೊಂದನ್ನು ಅವಳ ಡಬ್ಬಿಗೇ ವಾಪಸ್ ಇಟ್ಟಿತ್ತು. ಬಟ್ಟೆಯ ಜೊತೆ ಹೊತ್ತು ತಂದಿದ್ದ ಡಬ್ಬಿಯನ್ನು ಚೀಲದಿಂದ ತೆಗೆದು ಮುಚ್ಚಳ ಬಿಚ್ಚಿದ. ಅವಳು ಈ ಕಡೆ ತಿರುಗಿ, ಕಡುನೀಲಿ ಕಲೆಗಳ ಕೈಯನ್ನು ಡಬ್ಬಿಗೆ ಇಳಿಸಿ ಒಂದು ಅರ್ಧ ಟಿಕೆಟ್ ಎತ್ತಿಕೊಂಡಳು. ಬಣ್ಣ ಮಾಸಿತ್ತು. ಯಾವ ಸಿನಿಮಾ ಎಂದು ಓದುವಷ್ಟು ಕಣ್ಣಿಗೆ ಶಕ್ತಿಯಿರಲಿಲ್ಲ.

ಅದನ್ನು ಅವನ ಮುಂದೆ ಹಿಡಿದು, ಹುಬ್ಬು ಹಾರಿಸಲು ನೋಡಿದಳು.

“ಒಳಗೆ ಹೋಗ್ಲಾ?”

ಕೈಯಲ್ಲಿ ಅರ್ಧ ಟಿಕೆಟ್ ಇದ್ದವರನ್ನು ಅರ್ಧಣ್ಣ ಯಾವತ್ತೂ ಬಾಗಿಲಲ್ಲಿ ತಡೆದವನಲ್ಲ. ಆವತ್ತು ಮಾತ್ರ ಬಾಯಿಗೆ ಬಂದ ‘ಒಳಗೆ ಹೋಗಿ’ಯನ್ನು ನುಂಗಿ, ಅವಳ ಮಣಿಕಟ್ಟು ಹಿಡಿದುಕೊಂಡು ಕೂತ.